ನಮ್ಮ ಅಂಗಳದ ನೀರು ಎಲ್ಲಿಗೆ ಹೋಗುತ್ತದೆ?



ಮಳೆಯ ಬಗ್ಗೆ ಬರೆಯಲು ಕರಜಗಿಯವಳಿಗೆ ಏನು ಅರ್ಹತೆ ಎಂದು ನಿಮ್ಮಲ್ಲಿ ಕರಾವಳಿಯವರು ಕೇಳಬಹುದು. ಕೇಳುವುದು ಸರಿಯೇ. ನಮ್ಮ ಅಫಜಲಪುರ ತಾಲೂಕು ಬಿಸಿಲಿನ ಸೀಮೆ. ಕಲಬುರಗಿ ಜಿಲ್ಲೆಯಲ್ಲಿ ಇಡೀ ವರ್ಷಕ್ಕೆ ಬೀಳುವ ಮಳೆ ಸರಾಸರಿ 700ರಿಂದ 800 ಮಿಲಿಮೀಟರ್. ಮಂಗಳೂರಿನ ಕಡೆ ಅದು 3,500 ಮಿಲಿಮೀಟರ್ ದಾಟುತ್ತದೆ. ನಮ್ಮ ವರ್ಷದ ಮಳೆ ನಿಮ್ಮ ಜುಲೈ ತಿಂಗಳೊಂದಕ್ಕೂ ಸಾಲದು. ಆದರೂ ಈ ಸಲ ಬರೆಯುತ್ತಿದ್ದೇನೆ. ಏಕೆಂದರೆ ಕಳೆದ ಮಳೆಗಾಲದಲ್ಲಿ ಹತ್ತು ದಿನ ನಿಮ್ಮ ಮಳೆಯನ್ನೂ ಕಣ್ಣಾರೆ ನೋಡಿ ಬಂದೆ. ಅಲ್ಲಿ ಕಂಡ ಒಂದು ದೃಶ್ಯ ನನ್ನದೇ ಹಳೆಯ ತಪ್ಪೊಂದನ್ನು ಎದುರಿಗೆ ತಂದು ನಿಲ್ಲಿಸಿತು.

ನನ್ನ ತಂಗಿಯ ಗಂಡನಿಗೆ ಮಂಗಳೂರಿನಲ್ಲಿ ನೌಕರಿ. ಅವರು ಉಳ್ಳಾಲದ ಕಡೆ ತೊಕ್ಕೊಟ್ಟಿಗೆ ಹತ್ತಿರ ಒಂದು ಬಾಡಿಗೆ ಮನೆಯಲ್ಲಿದ್ದಾರೆ. ತಂಗಿಗೆ ಬಾಣಂತನದ ನೆರವಿಗೆಂದು ಹೋದ ನನಗೆ ಮೊದಲ ಎರಡು ದಿನ ಮಳೆಯ ಸದ್ದಿಗೆ ನಿದ್ದೆಯೇ ಬರಲಿಲ್ಲ. ನಮ್ಮಲ್ಲಿ ಮಳೆ ಬಂದರೆ ಮಕ್ಕಳು ಬೀದಿಗೆ ಓಡುತ್ತಾರೆ, ಹಿರಿಯರು ಬಾಗಿಲಿಗೆ ಬಂದು ನಿಲ್ಲುತ್ತಾರೆ. ಅಲ್ಲಿ ಯಾರೂ ತಲೆ ಎತ್ತಿಯೂ ನೋಡುವುದಿಲ್ಲ. ಛತ್ರಿ ಬಿಡಿಸಿಕೊಂಡು ಕೆಲಸಕ್ಕೆ ಹೋಗುತ್ತಾರೆ.

ಮೂರನೆಯ ದಿನ ಅಸ್ರ್ ನಮಾಝ್ ಮುಗಿಯುವಾಗ ಮಳೆ ಸ್ವಲ್ಪ ಬಿಟ್ಟಿತು. ತಂಗಿಯ ದೊಡ್ಡ ಮಗಳನ್ನು ಕರೆದುಕೊಂಡು ನಡೆಯಲು ಹೊರಟೆ. ಊರಲ್ಲಿದ್ದರೆ ಅಸ್ರ್ ಬಳಿಕ ನಾವು ಮೂರು ನಾಲ್ಕು ಮಂದಿ ಹೆಂಗಸರು ಹೊಲದ ದಾರಿಯಲ್ಲಿ ಅರ್ಧ ಗಂಟೆ ನಡೆಯುವುದು ರೂಢಿ. ಮೊದಮೊದಲು ಎಲ್ಲಿಗೆ ಹೊರಟಿರಿ, ಏನು ಕೆಲಸ ಎಂದು ಕೇಳುವವರಿದ್ದರು. ಈಗ ನಾವು ಕಾಣದಿದ್ದರೆ ಆರೋಗ್ಯ ಹೇಗಿದೆ ಎಂದು ಕೇಳುತ್ತಾರೆ. ಸಕ್ಕರೆ ಕಾಯಿಲೆಗೆ, ಮೊಣಕಾಲು ನೋವಿಗೆ ನಡಿಗೆ ಒಳ್ಳೆಯದು ಎಂಬುದು ನಿಮಗೆ ಗೊತ್ತೇ ಇದೆ. ನಿಧಾನ ನಡೆಯುವವಳಿಗೆ ತನ್ನ ಬೀದಿ ಸರಿಯಾಗಿ ಕಾಣುತ್ತದೆ ಎಂಬುದು ನಾನು ಕಂಡುಕೊಂಡ ಇನ್ನೊಂದು ಲಾಭ.

ಆ ಓಣಿಯಲ್ಲಿ ಒಂದರ ಪಕ್ಕ ಒಂದು ಏಳು ಮನೆ. ಮೇಲಿನಿಂದ ಕೆಳಕ್ಕೆ ಇಳಿಜಾರು. ಎಲ್ಲವೂ ಚೊಕ್ಕಟ. ಅಂಗಳಗಳಿಗೆಲ್ಲ ಕೆಂಪು, ಬೂದು ಬಣ್ಣದ ಇಂಟರ್‌ಲಾಕ್ ಹಾಸಿದ್ದಾರೆ. ಒಂದು ಹಿಡಿ ಮಣ್ಣು ಕಾಣುವುದಿಲ್ಲ. ಗೇಟಿನ ಬಳಿ ಕುಂಡಗಳಲ್ಲಿ ಗಿಡಗಳಿವೆ. ಏಳನೆಯದು ಎಲ್ಲಕ್ಕಿಂತ ಕೆಳಗಿರುವ ಹಂಚಿನ ಮನೆ. ಅಲ್ಲಿ ಒಬ್ಬ ವಯಸ್ಸಾದ ಉಮ್ಮ ಹೊಸ್ತಿಲಲ್ಲಿ ಕುಳಿತು, ಮೊರದಂಥ ಒಂದು ತಟ್ಟೆಯಿಂದ ಒಳಗೆ ನುಗ್ಗಿದ ನೀರನ್ನು ಮೊಗೆದು ಹೊರಗೆ ಚೆಲ್ಲುತ್ತಿದ್ದರು. ಚೆಲ್ಲಿದಷ್ಟೂ ಬರುತ್ತಿತ್ತು. ಮೇಲಿನ ಆರು ಮನೆಗಳ ಅಂಗಳ, ಮಾಡು ಎಲ್ಲದರ ನೀರೂ ನುಣುಪಾದ ನೆಲದ ಮೇಲೆ ಜಾರಿ ಆ ಹೊಸ್ತಿಲಿಗೇ ಬರುತ್ತಿತ್ತು.

ನಾನು ಅಲ್ಲೇ ನಿಂತುಬಿಟ್ಟೆ. ನನಗೆ ಅಲ್ಲಿ ಕಂಡದ್ದು ನಮ್ಮ ಕರಜಗಿಯ ಮನೆಯ ಹಿಂದಿನ ಗೋಡೆ.

ಅದನ್ನು ಹೇಳದೆ ಮುಂದೆ ಹೋಗಲಾರೆ. 2019ರಲ್ಲಿ ಮನೆಯಲ್ಲಿ ಮದುವೆ ಇತ್ತು. ಬರುವವರಿಗೆ ಅಂಗಳ ಚೆಂದ ಕಾಣಲಿ, ಕೆಸರಾಗದಿರಲಿ ಎಂದು ಇಡೀ ಅಂಗಳಕ್ಕೆ ಶಹಾಬಾದಿ ಪರಸಿ ಹಾಸಿಸಿದೆವು. ನಮ್ಮ ಜಿಲ್ಲೆಯ ಶಹಾಬಾದಿನ ಆ ಸುಣ್ಣದ ಕಲ್ಲಿನ ಪರಸಿ ನಮ್ಮ ಕಡೆ ಎಲ್ಲರ ಮನೆಯಲ್ಲೂ ಇರುತ್ತದೆ. ಗಟ್ಟಿ, ತಂಪು, ಅಗ್ಗ. ನಾವು ಒಂದು ಬೆರಳು ಸಂದು ಸಹ ಬಿಡದೆ ಸಿಮೆಂಟ್ ತುಂಬಿಸಿದೆವು. ಅಂಗಳದ ನಡುವೆ ಅತ್ತೆಯವರು ನೆಟ್ಟಿದ್ದ ಒಂದು ನಿಂಬೆ ಗಿಡವಿತ್ತು. ಅದರ ಬುಡದಲ್ಲೇ ಅವರು ಪಾತ್ರೆ ತೊಳೆಯುತ್ತಿದ್ದರು, ವುಝೂ ಮಾಡುತ್ತಿದ್ದರು. ಬೇರೆ ನೀರನ್ನೇ ಹಾಕದೆ ಆ ಗಿಡ ವರ್ಷವಿಡೀ ಕಾಯಿ ಕೊಡುತ್ತಿತ್ತು. ಪರಸಿಗೆ ಅಡ್ಡ ಎಂದು ಅದನ್ನು ಕಡಿಸಿದೆವು. ನೀರು ನಿಲ್ಲಬಾರದೆಂದು ಹಿತ್ತಲ ಕಡೆಗೆ ಇಳಿಜಾರು ಕೊಟ್ಟೆವು.

ಕೆಲಸ ನಡೆಯುವಾಗ ಅತ್ತೆ ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದರು. ಒಂದೇ ಒಂದು ಮಾತು ಕೇಳಿದರು: “ಪಾನೀ ಕಿದರ್ ಜಾತಾ ಮಾ?” ನೀರು ಎಲ್ಲಿಗೆ ಹೋಗುತ್ತದೆ ಎಂದು. “ಹೊರಗೆ ಹೋಗುತ್ತೆ ಅಮ್ಮೀ” ಎಂದು ನಾನು ನಕ್ಕೆ. ಹೊರಗೆ ಎಂದರೆ ಎಲ್ಲಿಗೆ ಎಂದು ಅವರು ಮತ್ತೆ ಕೇಳಲಿಲ್ಲ. ನಾನೂ ಯೋಚಿಸಲಿಲ್ಲ.

ನಮ್ಮ ಹಿತ್ತಲಿಗೆ ಹೊಂದಿಕೊಂಡು ಒಬ್ಬ ವಿಧವೆ ಅಜ್ಜಿಯ ಮನೆ. ಅವರದು ಮಣ್ಣಿನ ಗೋಡೆ. 2020ರ ಅಕ್ಟೋಬರ್ ನಿಮಗೆ ನೆನಪಿರಬಹುದು. ಬಂಗಾಳ ಕೊಲ್ಲಿಯಲ್ಲಿ ಎದ್ದ ವಾಯುಭಾರ ಕುಸಿತ ಆಂಧ್ರದ ತೀರ ದಾಟಿ ಹೈದರಾಬಾದನ್ನು ಮುಳುಗಿಸಿ ನಮ್ಮ ಕಡೆಗೂ ಬಂತು. ಅದರ ಬೆನ್ನಿಗೆ ಮಹಾರಾಷ್ಟ್ರದ ಉಜನಿ ಅಣೆಕಟ್ಟಿನಿಂದ ಬಿಟ್ಟ ನೀರಿಗೆ ಭೀಮಾ ನದಿ ಉಕ್ಕಿತು. ನಮ್ಮ ತಾಲೂಕಿನ ಸೊನ್ನ ಬ್ಯಾರೇಜಿನಿಂದ ಲಕ್ಷಗಟ್ಟಲೆ ಕ್ಯೂಸೆಕ್ ನೀರು ಹರಿದು ನದಿ ದಂಡೆಯ ಹಳ್ಳಿಗಳಿಗೆ ನುಗ್ಗಿತು. ಪತ್ರಿಕೆಗಳೆಲ್ಲ ಆ ಪ್ರವಾಹದ ಸುದ್ದಿ ಬರೆದವು. ನಾನು ಹೇಳುತ್ತಿರುವುದು ಪತ್ರಿಕೆಯಲ್ಲಿ ಬಾರದ ಪ್ರವಾಹದ ಕತೆ. ಮಳೆ ಸುರಿದ ಎರಡನೆಯ ರಾತ್ರಿ ಫಜ್ರ್‌ಗೆ ಸ್ವಲ್ಪ ಮೊದಲು ಹಿತ್ತಲಲ್ಲಿ ದೊಡ್ಡ ಸದ್ದಾಯಿತು. ಅಜ್ಜಿಯ ಮನೆಯ ಗೋಡೆ ಕುಸಿದಿತ್ತು. ಅಲ್ಲಾಹನ ಕೃಪೆ, ಅವರು ಆ ರಾತ್ರಿ ಒಳಕೋಣೆಯಲ್ಲಿ ಮಲಗಿದ್ದರು.

ಬೆಳಕು ಹರಿದ ಮೇಲೆ ನೋಡಿದರೆ ಯಾರಿಗೂ ವಿವರಿಸಿ ಹೇಳಬೇಕಾಗಿರಲಿಲ್ಲ. ನಮ್ಮ ಪರಸಿಯ ಇಳಿಜಾರು ಮುಗಿಯುವ ಜಾಗದಲ್ಲೇ ಗೋಡೆಯ ಬುಡ ಕರಗಿತ್ತು.

ನಾನು ಆಮೇಲೆ ಲೆಕ್ಕ ಹಾಕಿದೆ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರ್ ನೀರು. ನಮ್ಮ ಮಾಳಿಗೆ 500 ಚದರ ಅಡಿ, ಅಂಗಳ 300. ಎರಡೂ ಸೇರಿ ಸುಮಾರು 74 ಚದರ ಮೀಟರ್. ನೂರು ಮಿಲಿಮೀಟರ್ ಮಳೆ ಬಿದ್ದರೆ 7,400 ಲೀಟರ್. ಹದಿನೈದು ಲೀಟರಿನ ಕೊಡದ ಲೆಕ್ಕದಲ್ಲಿ ಹತ್ತಿರ ಹತ್ತಿರ ಐದುನೂರು ಕೊಡ. ಐದುನೂರು ಕೊಡ ನೀರನ್ನು ನಾನೇ ಹೊತ್ತು ತಂದು ಒಬ್ಬ ಮುದುಕಿಯ ಗೋಡೆಯ ಬುಡಕ್ಕೆ ಸುರಿದಿದ್ದರೆ ಜನ ಏನು ಹೇಳುತ್ತಿದ್ದರು? ಪರಸಿ ಹಾಸಿ ನಾನು ಮಾಡಿದ್ದೂ ಅದನ್ನೇ.

ಅಜ್ಜಿಯ ಬಳಿ ಹೋದೆ. ಬಯ್ಯಲಿ ಎಂದೇ ಹೋಗಿದ್ದೆ. ಅವರು ಬಯ್ಯಲಿಲ್ಲ. “ಇರ್ಲಿ ಬಿಡ್ರಿ ಅಕ್ಕೋರ, ನೀರಿಗೇನ ಗೊತ್ತದರೀ ಯಾರ ಗ್ವಾಡಿ ಅಂಬುದು” ಎಂದರು. ಬಯ್ದಿದ್ದರೆ ಸಮಾಧಾನವಾಗುತ್ತಿತ್ತೇನೋ. ನೀರಿಗೆ ಗೊತ್ತಿರಲಿಲ್ಲ, ನಿಜ. ನನಗೆ ಗೊತ್ತಿರಬೇಕಿತ್ತು.

ಮನೆಯಲ್ಲಿ ಈ ಬಗ್ಗೆ ಮಾತುಕತೆ ನಡೆಯಿತು. ಮಳೆ ಅಲ್ಲಾಹನ ವಿಧಿ, ನಮ್ಮದೇನು ತಪ್ಪು ಎಂದು ಒಬ್ಬರು. ಬಿದ್ದ ಮನೆಗಳಿಗೆ ಸರಕಾರದ ಪರಿಹಾರ ಬಂದೇ ಬರುತ್ತದೆ ಎಂದು ಇನ್ನೊಬ್ಬರು. ನಾನು ಸುಮ್ಮನಿದ್ದೆ. ಮದ್ರಸದಲ್ಲಿ ಮಕ್ಕಳಿಗೆ ನೆರೆಯವರ ಹಕ್ಕಿನ ಪಾಠವನ್ನು ವರ್ಷ ವರ್ಷವೂ ಮಾಡುವವಳು ನಾನು. ನೆರೆಯವರ ಬಗ್ಗೆ ಜಿಬ್ರೀಲ್(ಅ)ರು ಎಷ್ಟು ಒತ್ತಿ ಹೇಳುತ್ತಿದ್ದರೆಂದರೆ, ನೆರೆಯವರಿಗೆ ಆಸ್ತಿಯಲ್ಲೂ ಪಾಲು ಕೊಟ್ಟುಬಿಡುವರೇನೋ ಎಂದು ಪ್ರವಾದಿವರ್ಯರಿಗೆ(ಸ) ಅನಿಸಿತ್ತು ಎಂಬ ಹದೀಸನ್ನು ಎಷ್ಟು ಸಲ ಬಾಯಿಪಾಠ ಮಾಡಿಸಿಲ್ಲ! ನೆರೆಯವರಿಗೆ ಎಂದರೆ ಹಬ್ಬಕ್ಕೆ ಶೀರ್‌ಖುರ್ಮಾ ಕಳಿಸುವುದು ಎಂದಷ್ಟೇ ಆ ಪಾಠದ ಉದಾಹರಣೆ ಕೊಡುತ್ತಿದ್ದೆ. ನಮ್ಮ ಅಂಗಳದಿಂದ ಹೊರಟ ನೀರೂ ಆ ಪಾಠದಲ್ಲಿದೆ ಎಂದು ಹೊಳೆದಿರಲಿಲ್ಲ.

ಆದರೆ ಹದೀಸ್ ಗ್ರಂಥಗಳಲ್ಲಿ ನೀರಿನ ಪ್ರಕರಣವೇ ಇದೆ. ಮದೀನಾದಲ್ಲಿ ಝುಬೈರ್(ರ)ರಿಗೂ ಅನ್ಸಾರಿಯೊಬ್ಬರಿಗೂ ಖರ್ಜೂರದ ತೋಟಕ್ಕೆ ಹರಿಯುವ ಕಾಲುವೆಯ ವಿಷಯದಲ್ಲಿ ವ್ಯಾಜ್ಯ ಬಂತು. ಝುಬೈರ್(ರ)ರ ತೋಟ ಮೇಲಿತ್ತು, ಅವರದು ಕೆಳಗಿತ್ತು. ನಿನ್ನ ಗಿಡಗಳಿಗೆ ಹಾಯಿಸಿಕೊಂಡು ಬಳಿಕ ನೆರೆಯವನಿಗೆ ಬಿಡು ಎಂಬುದು ಪ್ರವಾದಿವರ್ಯರು(ಸ) ಮೊದಲು ಕೊಟ್ಟ ತೀರ್ಪು. ಬುಖಾರಿ, ಮುಸ್ಲಿಮ್ ಎರಡರಲ್ಲೂ ಈ ಘಟನೆ ಬಂದಿದೆ. ಅಲ್ಲಿ ನೀರು ಬೇಕಾಗಿತ್ತು, ನಮ್ಮಲ್ಲಿ ಬೇಡವಾಗಿತ್ತು, ಅಷ್ಟೇ ವ್ಯತ್ಯಾಸ. ಮೇಲೆ ಇರುವವನು ಕೆಳಗಿನವನನ್ನು ಮರೆಯುವಂತಿಲ್ಲ ಎಂಬ ಮಾತು ಎರಡಕ್ಕೂ ಒಂದೇ.

ಉಮ್ರಾಕ್ಕೆಂದು ನಾನು ಸಂಬಳದಲ್ಲಿ ಉಳಿಸಿಟ್ಟ ಸ್ವಲ್ಪ ಹಣವಿತ್ತು. ಅದರಿಂದ ಅಜ್ಜಿಯ ಗೋಡೆ ಕಟ್ಟಿಸಿದೆವು. ಈ ಸಲ ಬುಡಕ್ಕೆ ಎರಡು ಅಡಿ ಕಲ್ಲು ಹಾಕಿಸಿದೆವು. ಇದನ್ನು ಹೇಳಿಕೊಳ್ಳುವುದು ದೊಡ್ಡಸ್ತಿಕೆಗಾಗಿ ಅಲ್ಲ. ಅದು ದಾನವಾಗಿರಲಿಲ್ಲ, ಸಾಲ ತೀರಿಸಿದ್ದು. ಆ ವಾರವೇ ನಮ್ಮ ಯಜಮಾನರು ಸುತ್ತಿಗೆ, ಹಾರೆ ತಂದು ಹಿತ್ತಲ ಅಂಚಿನಲ್ಲಿ ಮೂರಡಿ ಅಗಲ ಪರಸಿ ಕಿತ್ತರು. ನಮ್ಮ ಕೈತೋಟ ಶುರುವಾದದ್ದು ಹಾಗೆ.

ಸಹೋದರಿಯರೇ, ನಿಮ್ಮಲ್ಲೂ ಯಾರಾದರೂ ಶುರು ಮಾಡುವುದಾದರೆ ಅನುಭವದಿಂದ ಕಲಿತ ನಾಲ್ಕು ಮಾತು ಹೇಳುತ್ತೇನೆ.

ಮೊದಲು ಗಿಡ ತರಬೇಡಿ. ಮೊದಲು ಮಳೆ ನೋಡಿ. ಜೋರು ಮಳೆ ಬಂದಾಗ ಒಮ್ಮೆ ಛತ್ರಿ ಹಿಡಿದು ಮನೆ ಸುತ್ತ ಬನ್ನಿ. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ನಿಮ್ಮ ಜಾಗ ಬಿಟ್ಟು ಎಲ್ಲಿಗೆ ಇಳಿಯುತ್ತದೆ ನೋಡಿ. ಇಳಿಯುವ ಆ ಕೊನೆಯ ಜಾಗದಲ್ಲೇ ಮಣ್ಣು ತೆರೆದಿರಬೇಕು. ತೋಟಕ್ಕೆ ಸರಿಯಾದ ಜಾಗವೂ ಅದೇ.

ನಮ್ಮದು ಎರೆ ಮಣ್ಣು. ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಮಳೆಗಾಲದಲ್ಲಿ ಬೇರು ಕೊಳೆಯುವ ಭಯ, ಬೇಸಿಗೆಯಲ್ಲಿ ಬೇರು ಹರಿಯುವ ಭಯ. ಹಾಗಾಗಿ ಎರಡಡಿ ಗುಂಡಿ ತೆಗೆದು, ಅದೇ ಮಣ್ಣಿಗೆ ಮರಳು, ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ ಬೆರೆಸಿ ಮತ್ತೆ ತುಂಬಿದೆವು. ಗಿಡ ನೆಡುವ ಜಾಗವನ್ನು ಒಂದು ಗೇಣು ಎತ್ತರಿಸಿದೆವು. ಪಕ್ಕದಲ್ಲಿ ಕಲ್ಲು, ಇಟ್ಟಿಗೆ ಚೂರು ತುಂಬಿದ ಒಂದು ಇಂಗುಗುಂಡಿ ಮಾಡಿದೆವು. ಅದು ಗೋಡೆಯಿಂದ ದೂರವಿರಬೇಕು ಎಂಬುದನ್ನು ಮರೆಯಬೇಡಿ. ಇಲ್ಲವಾದರೆ ಗೋಡೆಗೆ ಮತ್ತೆ ಅದೇ ಗತಿ.

ಮೊದಲು ನೆಟ್ಟದ್ದು ನಿಂಬೆ. ಅತ್ತೆಯವರ ಕೈಯಿಂದಲೇ ನೆಡಿಸಿದೆವು. ನಂತರ ಕರಿಬೇವು, ಒಂದು ನುಗ್ಗೆ ಕೊಂಬೆ, ಮೂಲೆಯಲ್ಲಿ ಮದರಂಗಿ. ಮಳೆ ಶುರುವಾದಾಗ ಪುಂಡಿಪಲ್ಯ, ರಾಜಗಿರಿ ಬೀಜ ಚೆಲ್ಲುತ್ತೇವೆ. ಚಳಿ ಬರುವಾಗ ಮೆಂತ್ಯ, ಕೊತ್ತಂಬರಿ, ಪಾಲಕ. ಪುದೀನ ಬಚ್ಚಲ ಹತ್ತಿರದ ನೆರಳಲ್ಲಿ. ಪುಂಡಿಪಲ್ಯ ನಮ್ಮ ಕಡೆ ರೊಟ್ಟಿಯ ಜೊತೆ ಬಡವರೂ ಉಳ್ಳವರೂ ತಿನ್ನುವ ಹುಳಿ ಸೊಪ್ಪು. ಅದನ್ನು ತೊಗರಿ ಬೇಳೆಯ ಜೊತೆ ಬೇಯಿಸಿದರೆ ಬೇರೇನೂ ಬೇಡ. ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ ಎಂಬುದು ನಮ್ಮ ಅಭಿಮಾನದ ಮಾತು. ಪೇಟೆಯ ಸೊಪ್ಪಿಗೆ ಕೊಡುತ್ತಿದ್ದ ದುಡ್ಡು ಉಳಿಯಿತು. ಅದಕ್ಕಿಂತ ಹೆಚ್ಚಾಗಿ, ಎಷ್ಟೇ ಸಣ್ಣ ತೋಟವಾದರೂ ನೆರೆಮನೆಗೆ ಒಂದು ಹಿಡಿ ಕೊಡುವಷ್ಟು ಮಿಗುತ್ತದೆ.

ಎರಡನೆಯ ಮಾತು, ಮಾಳಿಗೆಯ ನೀರು. 500 ಚದರ ಅಡಿಯ ಮಾಳಿಗೆಯ ಮೇಲೆ 20 ಮಿಲಿಮೀಟರಿನ ಹದವಾದ ಒಂದು ಮಳೆ ಬಿದ್ದರೆ 900 ಲೀಟರಿಗೂ ಹೆಚ್ಚು ನೀರು. ಚೆಲ್ಲಿ, ಆರಿ ಹೋದದ್ದನ್ನು ಕಳೆದರೂ ಐವತ್ತು ಕೊಡ ಕೈಗೆ ಸಿಗುತ್ತದೆ. ಬೇಸಿಗೆಯಲ್ಲಿ ಒಂದು ಕೊಡಕ್ಕಾಗಿ ಎಷ್ಟು ಹೊತ್ತು ಸಾಲಿನಲ್ಲಿ ನಿಂತಿದ್ದೇವೆ ಎಂಬುದು ನಮ್ಮ ಕಡೆಯ ಹೆಂಗಸರಿಗೆ ಗೊತ್ತು. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಿದ್ದರು. ಆ ವರ್ಷವೂ ನಮ್ಮ ನಿಂಬೆ ಒಣಗಲಿಲ್ಲ. ಮೊದಲ ಮಳೆಯ ನೀರನ್ನು ಬಿಟ್ಟುಬಿಡಿ, ಅದು ಮಾಳಿಗೆಯ ಧೂಳು, ಹಕ್ಕಿಯ ಹಿಕ್ಕೆ ತೊಳೆದು ತರುತ್ತದೆ. ನಂತರದ್ದನ್ನು ಕೊಳವೆಯಲ್ಲಿ ಡ್ರಮ್ಮಿಗೆ ಇಳಿಸಿ. ಡ್ರಮ್ಮಿನ ಬಾಯಿಗೆ ಬಟ್ಟೆ ಬಿಗಿದು ಮುಚ್ಚಳ ಹಾಕಿ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆ ಇಡುವುದು ಇಂಥ ನಿಂತ ತಿಳಿನೀರಿನಲ್ಲೇ. ಒಂದು ವಾರದಿಂದ ಹತ್ತು ದಿನದೊಳಗೆ ಮೊಟ್ಟೆ ಸೊಳ್ಳೆಯಾಗಿ ಹಾರುತ್ತದೆ. ಕುಂಡದ ಕೆಳಗಿನ ತಟ್ಟೆಯನ್ನೂ ವಾರಕ್ಕೊಮ್ಮೆ ಬರಿದು ಮಾಡಿ ಉಜ್ಜಬೇಕು.

ಮೂರನೆಯದು, ಒಮ್ಮೆ ಬಳಸಿದ ನೀರು. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಎಲ್ಲ ಗಿಡಕ್ಕೂ ಆಗುತ್ತದೆ. ಸಾಬೂನಿನ ನೀರನ್ನು ಸೊಪ್ಪಿಗೆ, ಪುದೀನಕ್ಕೆ ಹಾಕಬೇಡಿ. ಎಲ್ಲಕ್ಕಿಂತ ಶುದ್ಧವಾದದ್ದು ವುಝೂ ನೀರು. ಐವರು ಇರುವ ಮನೆಯಲ್ಲಿ ದಿನಕ್ಕೆ ಐದು ವುಝೂ ಎಂದರೆ ಇಪ್ಪತ್ತೈದು ಸಲ. ಒಂದೊಂದು ತಂಬಿಗೆಯಾದರೂ ಎರಡು ಕೊಡಕ್ಕೆ ಕಡಿಮೆಯಿಲ್ಲ. ಪ್ರವಾದಿವರ್ಯರು(ಸ) ಒಂದು ಮುದ್ದ್, ಅಂದರೆ ಎರಡು ಕೈ ಸೇರಿಸಿದ ಬೊಗಸೆ ತುಂಬುವಷ್ಟು ನೀರಿನಲ್ಲಿ ವುಝೂ ಮಾಡುತ್ತಿದ್ದರೆಂದು ಅನಸ್(ರ)ರಿಂದ ವರದಿಯಾಗಿದೆ. ನಾವು ನಲ್ಲಿ ಬಿಟ್ಟುಕೊಂಡು ಒಂದು ಬಕೆಟ್ ಖರ್ಚು ಮಾಡುತ್ತೇವೆ. ನಲ್ಲಿ ಬಿಟ್ಟು ತಂಬಿಗೆಗೆ ಮರಳಿದರೆ ಸುನ್ನತ್ತೂ ಆಯಿತು, ನೀರೂ ಉಳಿಯಿತು. ಕಟ್ಟೆಯಿಂದ ಒಂದು ಸಣ್ಣ ಕಾಲುವೆ ಗಿಡದ ಬುಡಕ್ಕೆ ತೋಡಿದರೆ ಉಳಿದದ್ದೂ ವ್ಯರ್ಥವಾಗದು. ಅತ್ತೆಯವರ ಹಳೆಯ ನಿಂಬೆಯ ಗುಟ್ಟು ಇದೇ ಆಗಿತ್ತು.

ನಾಲ್ಕನೆಯದು, ಬೇಸಿಗೆ. ಗಿಡದ ಬುಡವನ್ನು ಬರಿದೇ ಬಿಡಬೇಡಿ. ಒಣ ಎಲೆ, ಕಡಲೆ ಹೊಟ್ಟು, ಏನಾದರೂ ನಾಲ್ಕು ಬೆರಳು ದಪ್ಪ ಹಾಸಿ. ಹಳೆಯ ಮಣ್ಣಿನ ಗಡಿಗೆಯ ತಳಕ್ಕೆ ಸಣ್ಣ ತೂತು ಮಾಡಿ, ಬಟ್ಟೆಯ ಬತ್ತಿ ಇಳಿಬಿಟ್ಟು, ಗಿಡದ ಪಕ್ಕ ಕತ್ತಿನ ತನಕ ಹೂತಿಡಿ. ಅದರಲ್ಲಿ ತುಂಬಿದ ನೀರು ನಿಧಾನವಾಗಿ ಬೇರಿಗೇ ಇಳಿಯುತ್ತದೆ. ನೀರು ಹಾಕುವುದಾದರೆ ಬಿಸಿಲು ಇಳಿದ ಮೇಲೆ.

ಈಗ ಮತ್ತೆ ಉಳ್ಳಾಲದ ಆ ಓಣಿಗೆ ಬರೋಣ.

ಆ ಸಂಜೆ ನಾನೂ ತಂಗಿಯ ಮಗಳೂ ಉಮ್ಮನಿಗೆ ನೀರು ಮೊಗೆಯಲು ಸಹಾಯ ಮಾಡಿದೆವು. ನನ್ನ ಉತ್ತರ ಕರ್ನಾಟಕದ ಕನ್ನಡ ಅವರಿಗೆ ಅರ್ಧ ತಿಳಿಯಿತು, ಅವರ ಬ್ಯಾರಿ ಮಾತು ನನಗೆ ಕಾಲು ಭಾಗ ತಿಳಿಯಿತು. ಮಗು ನಡುವೆ ನಿಂತು ಅರ್ಥ ಹೇಳಿತು. ಅವರು ಹೇಳಿದ್ದು ಇಷ್ಟು: ಮೊದಲು ಈ ಓಣಿಯ ಎಲ್ಲ ಮನೆಗಳಿಗೂ ಮಣ್ಣಿನ ಅಂಗಳವಿತ್ತು. ಬಾವಿಕಟ್ಟೆಯ ಪಕ್ಕ ಬಸಳೆ ಚಪ್ಪರ, ಬಚ್ಚಲ ನೀರಿಗೆ ಬಾಳೆ, ಕೆಸು ಇರುತ್ತಿತ್ತು. ಇದಕ್ಕಿಂತ ಜೋರು ಮಳೆ ಬಂದಾಗಲೂ ಹೊಸ್ತಿಲು ದಾಟಿ ನೀರು ಬಂದದ್ದಿಲ್ಲ. ಇನ್ನೊಂದು ಮಾತು ಹೇಳಿದರು, ಅದು ನನಗೆ ಆಶ್ಚರ್ಯ ತಂದಿತು. ಮಳೆಗಾಲದಲ್ಲಿ ಮನೆಯೊಳಗೆ ನೀರು ನುಗ್ಗುವ ಅವರ ಬಾವಿ ಏಪ್ರಿಲ್ ಬರುವಷ್ಟರಲ್ಲಿ ತಳ ಕಾಣುತ್ತದಂತೆ!

ಇದು ಅವರೊಬ್ಬರ ಕತೆಯಲ್ಲ. 3,500 ಮಿಲಿಮೀಟರ್ ಮಳೆ ಬೀಳುವ ಮಂಗಳೂರಿನಲ್ಲೇ 2019ರ ಬೇಸಿಗೆಯಲ್ಲೂ 2023ರ ಬೇಸಿಗೆಯಲ್ಲೂ ನೇತ್ರಾವತಿಯ ತುಂಬೆ ಕಿಂಡಿ ಅಣೆಕಟ್ಟಿನಲ್ಲಿ ನೀರು ಇಳಿದು, ನಗರಕ್ಕೆ ಸರದಿಯ ಮೇಲೆ ನೀರು ಬಿಡಬೇಕಾಯಿತು. ನಮಗಿಂತ ಐದು ಪಟ್ಟು ಮಳೆ ಬಂದರೂ ಮೇ ತಿಂಗಳಲ್ಲಿ ನಮ್ಮಂತೆಯೇ ಕೊಡ ಹಿಡಿದು ನಿಲ್ಲುವ ಸ್ಥಿತಿ ಏಕೆ ಬರುತ್ತದೆ? ನಗರ ಬೆಳೆದದ್ದು, ಮಳೆ ತಡವಾದದ್ದು, ಹೀಗೆ ಕಾರಣಗಳು ಹಲವು. ಅವುಗಳಲ್ಲಿ ಒಂದು ನಮ್ಮ ಕೈಯಲ್ಲೇ ಇದೆ: ಬಿದ್ದ ನೀರು ನೆಲಕ್ಕೆ ಇಳಿಯಲು ನಾವು ಬಿಡುತ್ತಿಲ್ಲ. ನಿಮ್ಮ ಮುರಕಲ್ಲಿನ ನೆಲ ನೀರನ್ನು ಬೇಗ ಹೀರುತ್ತದೆ. ಅದರ ಬಾಯಿಗೆ ಇಂಟರ್‌ಲಾಕ್ ಮುಚ್ಚಿದರೆ ನೀರು ಚರಂಡಿಗೆ, ಚರಂಡಿಯಿಂದ ಕಡಲಿಗೆ. ಕಡಲಿಗೆ ಹೋಗುವ ಮೊದಲು ದಾರಿಯಲ್ಲಿ ಒಬ್ಬ ಮುದುಕಿಯ ಹೊಸ್ತಿಲು.

ಕುರ್‌ಆನಿನ ಅಲ್ ಮುಅ್‌ಮಿನೂನ್ ಅಧ್ಯಾಯದಲ್ಲಿ ಮಳೆಯ ಕುರಿತು ಒಂದು ವಚನವಿದೆ, ಹದಿನೆಂಟನೆಯದು. ಅಲ್ಲಾಹನು ಆಕಾಶದಿಂದ ನೀರನ್ನು ಒಂದು ಪ್ರಮಾಣದಲ್ಲಿ ಇಳಿಸಿ ಅದನ್ನು ಭೂಮಿಯಲ್ಲಿ ನೆಲೆಗೊಳಿಸುತ್ತಾನೆ, ಅದನ್ನು ಹಿಂತೆಗೆದುಕೊಳ್ಳಲೂ ಶಕ್ತನಾಗಿದ್ದಾನೆ ಎಂಬುದು ಅದರ ಆಶಯ. ಎಷ್ಟೋ ಸಲ ಓದಿದ್ದೆ. ಭೂಮಿಯಲ್ಲಿ ನೆಲೆಗೊಳಿಸುವುದು ಎಂಬ ಮಾತಿನ ಮೇಲೆ ಕಣ್ಣು ನಿಂತದ್ದು ಗೋಡೆ ಬಿದ್ದ ಮೇಲೆಯೇ. ಅವನು ನೀರಿಗೆ ನೆಲೆ ಮಾಡಿದ್ದು ಮಣ್ಣಿನಲ್ಲಿ. ನಾವು ಆ ಮಣ್ಣಿನ ಮೇಲೆ ಪರಸಿ ಹಾಸಿ, ನೀರು ಸಾಲದೆಂದು ದುಆ ಮಾಡುತ್ತೇವೆ, ಹೆಚ್ಚಾಯಿತೆಂದೂ ದುಆ ಮಾಡುತ್ತೇವೆ. ಪ್ರವಾದಿವರ್ಯರು(ಸ) ಮಳೆ ಕಂಡಾಗ ಅದು ಪ್ರಯೋಜನದ ಮಳೆಯಾಗಲಿ ಎಂದು ಪ್ರಾರ್ಥಿಸುತ್ತಿದ್ದರು. ಪ್ರಯೋಜನದ ಮಳೆಗೆ ಪ್ರಾರ್ಥಿಸುವವಳು ಅದು ಪ್ರಯೋಜನಕ್ಕೆ ಬರುವಂತೆ ಮೂರಡಿ ನೆಲವನ್ನಾದರೂ ತೆರೆದಿಡಬೇಡವೇ?

ನಾನು ಉಳ್ಳಾಲದಿಂದ ಹೊರಡುವ ಮೊದಲು ತಂಗಿಗೆ ಇದನ್ನೆಲ್ಲ ಹೇಳಿದೆ. “ಆಪಾ, ಇದು ಬಾಡಿಗೆ ಮನೆ, ನಮ್ಮದೇನು ನಡೆಯುತ್ತದೆ?” ಎಂದಳು. ನಿಜ. ನಿಮ್ಮಲ್ಲಿ ಹಲವರಿಗೂ ಇದೇ ತೊಂದರೆ ಇರಬಹುದು. ಆದರೆ ಮನೆ ಮಾಲಕರ ಹೆಂಡತಿಯ ಜೊತೆ ಮಾತನಾಡುವುದಕ್ಕೆ ಬಾಡಿಗೆಯೇನೂ ಅಡ್ಡಿಯಲ್ಲವಲ್ಲ. ಇಬ್ಬರೂ ಸೇರಿ ಅವರನ್ನು ಒಂದು ಸಂಜೆ ಆ ಓಣಿಯ ಕೊನೆಯ ತನಕ ನಡೆಯಲು ಕರೆದುಕೊಂಡು ಹೋದೆವು. ನಾವು ಹೆಚ್ಚು ಹೇಳಲಿಲ್ಲ. ಅವರೇ ನೋಡಿದರು. ಎರಡು ತಿಂಗಳ ಬಳಿಕ ತಂಗಿ ಫೋನ್ ಮಾಡಿದಳು. ಗೇಟಿನ ಪಕ್ಕ ಎರಡು ಸಾಲು ಇಂಟರ್‌ಲಾಕ್ ಎಬ್ಬಿಸಿದ್ದಾರಂತೆ. ಮಾಡಿನ ನೀರನ್ನು ಜಲ್ಲಿ, ಮರಳು, ಇದ್ದಿಲಿನ ಗುಂಡಿಯಲ್ಲಿ ಸೋಸಿ ಬಾವಿಗೆ ಬಿಡುವ ಯೋಚನೆಯೂ ಇದೆಯಂತೆ. ತೆರೆದ ಜಾಗದಲ್ಲಿ ತಂಗಿ ಬಸಳೆ ನೆಟ್ಟಿದ್ದಾಳೆ. ಉಳಿದ ಐದು ಮನೆಗಳು ಹಾಗೆಯೇ ಇವೆ. ಉಮ್ಮನ ಹೊಸ್ತಿಲಿಗೆ ನೀರು ಬರುವುದು ಪೂರ್ತಿ ನಿಂತಿಲ್ಲ. ಏಳರಲ್ಲಿ ಒಂದು ಮನೆ ಮಾತ್ರ ತನ್ನ ಪಾಲು ಸರಿ ಮಾಡಿಕೊಂಡಿದೆ.

ಅಷ್ಟೇ ಆದರೂ ಅದು ಸಣ್ಣದಲ್ಲ. ಮುಸ್ಲಿಮನೊಬ್ಬ ನೆಟ್ಟ ಗಿಡದಿಂದ ಮನುಷ್ಯ, ಹಕ್ಕಿ ಅಥವಾ ಪ್ರಾಣಿ ಏನನ್ನು ತಿಂದರೂ ಅದು ಅವನ ಪಾಲಿಗೆ ಸದಕ ಎಂಬ ಹದೀಸನ್ನು ನೀವೆಲ್ಲ ಬಲ್ಲಿರಿ. ನೆಡುವುದಕ್ಕೆ ಮೊದಲು ನೆಲ ತೆರೆಯಬೇಕು, ನೆಲ ತೆರೆದಾಗಲೇ ನೆರೆಯವರ ಗೋಡೆ ಉಳಿಯುತ್ತದೆ. ಒಂದೇ ಕೆಲಸಕ್ಕೆ ಎರಡು ಪುಣ್ಯ.

ನಮ್ಮ ಅತ್ತೆ ಈಗ ನಮ್ಮೊಂದಿಗಿಲ್ಲ. ಅವರು ಎರಡನೆಯ ಸಲ ನೆಟ್ಟ ನಿಂಬೆಗೆ ಮೂರನೆಯ ವರ್ಷ ಕಾಯಿ ಬಂತು. ಮೊದಲ ಕಾಯಿಗಳನ್ನು ನಾನು ಹಿತ್ತಲ ಅಜ್ಜಿಗೆ ಕೊಟ್ಟೆ. ಅವರು ಉಪ್ಪಿನಕಾಯಿ ಹಾಕಿ ಅರ್ಧವನ್ನು ನಮಗೇ ಕಳಿಸಿದರು. ಮೊನ್ನೆ ಸಂಜೆ ನಡೆಯಲು ಹೊರಟಾಗ ಅವರ ಗೋಡೆಯ ಬುಡದಲ್ಲಿ ಪುದೀನ ಹಬ್ಬಿದ್ದು ಕಂಡಿತು. ನಮ್ಮ ತೋಟದಿಂದ ಅದು ತಾನೇ ಬೇರು ಚಾಚಿಕೊಂಡು ಆ ಕಡೆಗೆ ಹೋಗಿದೆ. “ಕಿತ್ತಿ ಒಗೀಲೇನವ್ವಾ?” ಎಂದು ಕೇಳಿದೆ. “ಬ್ಯಾಡ್ರಿ ಅಕ್ಕೋರ, ಚಹಾಕ್ಕ ಹಾಕ್ತೀನಿ” ಎಂದರು.

ಮುಂದಿನ ಮಳೆ ಬಂದಾಗ ಒಮ್ಮೆ ಬಾಗಿಲು ತೆರೆದು ಹೊರಗೆ ಬನ್ನಿ, ಸಹೋದರಿಯರೇ. ಅತ್ತೆಯವರು ನನ್ನನ್ನು ಕೇಳಿದ ಪ್ರಶ್ನೆಯನ್ನು ನೀವೂ ನಿಮ್ಮ ಮನೆಯಲ್ಲಿ ಕೇಳಿ ನೋಡಿ. ನೀರು ಎಲ್ಲಿಗೆ ಹೋಗುತ್ತದೆ? ಹೊರಗೆ ಎಂದು ಯಾರಾದರೂ ಉತ್ತರ ಕೊಟ್ಟರೆ, ಹೊರಗೆ ಎಂದರೆ ಯಾರ ಮನೆಗೆ ಎಂದು ಇನ್ನೊಮ್ಮೆ ಕೇಳಿ.

ನಮ್ಮ ಮನೆಗಳಿಂದ ಯಾರಿಗೂ ಹಾನಿಯಾಗದಂತೆ, ನಮ್ಮ ಮಳೆ ಎಲ್ಲರಿಗೂ ಪ್ರಯೋಜನವಾಗುವಂತೆ ಅಲ್ಲಾಹನು ಅನುಗ್ರಹಿಸಲಿ. ಆಮೀನ್.